ಕಲಿತ ಮನೆಯ ಋಣ: ಕ್ಯಾಲ್ವಿನ್ ಕೂಲಿಡ್ಜರ ಜೀವನಚರಿತ್ರೆ

ಮಾನವನು ಋಣವನ್ನು ಹೊತ್ತುಕೊಂಡೇ ಜನಿಸುತ್ತಾನೆಂಬುದು ನಮ್ಮ ಹಿರಿಯರ ನಂಬಿಕೆ. ದೇವಋಣ, ಪಿತೃಋಣ, ಋಷಿಋಣವೆಂದು ಅವರು ಅದನ್ನು ಮೂರು ಬಗೆಯಾಗಿ ಎಣಿಸಿದರು. ಇವುಗಳಲ್ಲಿ ಋಷಿಋಣವೆಂದರೆ ವಿದ್ಯೆಯನ್ನು ಕೊಟ್ಟವರ ಋಣ. ಕಲಿಯುವ ಕಾಲದಲ್ಲಿ ಆದರಿಸಿದ, ಮೆಚ್ಚಿ ಬೆನ್ನುತಟ್ಟಿದ ವಿದ್ಯಾಲಯವನ್ನು ಮುಂದೆ ನೆನೆಯುವುದು ಸಹಜವಾದ ಮಾತು. ಆದರೆ ಸಹಪಾಠಿಗಳ ಗೋಷ್ಠಿಯಿಂದ ಹೊರಗುಳಿದು, ಮೂರು ವರ್ಷ ಒಂಟಿಯಾಗಿ ನಡೆದ ವಿದ್ಯಾರ್ಥಿಯೊಬ್ಬನು ಮುಂದೆ ದೇಶದ ಅತ್ಯುನ್ನತ ಪದವಿಗೇರಿದ ಮೇಲೂ ಆ ವಿದ್ಯಾಲಯದ ಋಣವನ್ನು ಮರೆಯದೆ, ಕಡೆಯ ದಿನದವರೆಗೂ ಅದರ ಸೇವೆಯಲ್ಲಿ ನಿಲ್ಲುವುದು ಸಹಜವಾದುದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಮೂವತ್ತನೆಯ ಅಧ್ಯಕ್ಷರಾಗಿದ್ದ ಕ್ಯಾಲ್ವಿನ್ ಕೂಲಿಡ್ಜರ ಬಾಳು ಅಂತಹುದು. ಮಿತಭಾಷಿಯೆಂದು ಜಗತ್ತಿನಲ್ಲಿ ಹೆಸರಾದ ಈ ಪುರುಷರು ತಮ್ಮ ಕಾಲೇಜಿನೊಡನೆಯೂ ಅಲ್ಲಿಯ ಭ್ರಾತೃಸಂಘದೊಡನೆಯೂ ಇಟ್ಟುಕೊಂಡ ನಂಟು ಪೂರ್ವವಿದ್ಯಾರ್ಥಿಗಳೆಲ್ಲರೂ ಗಮನಿಸತಕ್ಕದ್ದು; ಅದರ ಗುಣವನ್ನೂ ಗಮನಿಸಬೇಕು, ಅದರ ಮಿತಿಯನ್ನೂ ಗಮನಿಸಬೇಕು.

ಕೂಲಿಡ್ಜರು 1872ನೆಯ ಇಸವಿ ಜುಲೈ 4ರಂದು ವರ್ಮಾಂಟ್ ಸಂಸ್ಥಾನದ ಪ್ಲಿಮತ್ ನಾಚ್ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಜನಿಸಿದರು. ಅದು ಆ ದೇಶದ ಸ್ವಾತಂತ್ರ್ಯ ದಿನವೂ ಹೌದು. ತಂದೆ ಜಾನ್ ಕೂಲಿಡ್ಜರು ಬೇಸಾಯಗಾರರು, ಹಳ್ಳಿಯ ಅಂಗಡಿಕಾರರು. ಊರಿನ ಹಲವು ಸಾರ್ವಜನಿಕ ಹೊಣೆಗಳನ್ನು ಹೊತ್ತವರು. ಮನೆಯಲ್ಲಿ ದಾರಿದ್ರ್ಯವಿರಲಿಲ್ಲ, ಸಿರಿಯೂ ಇರಲಿಲ್ಲ. ದುಡಿಮೆ ಮತ್ತು ಮಿತವ್ಯಯ ಇವೆರಡೇ ಆ ಮನೆಯ ಐಶ್ವರ್ಯ. ಹನ್ನೆರಡನೆಯ ವಯಸ್ಸಿನಲ್ಲಿ, 1885ರಲ್ಲಿ, ಬಾಲಕನು ತಾಯಿಯನ್ನು ಕಳೆದುಕೊಂಡನು. ಐದು ವರ್ಷಗಳ ತರುವಾಯ, 1890ರಲ್ಲಿ, ಒಬ್ಬಳೇ ತಂಗಿ ಅಬಿಗೇಲಳೂ ತೀರಿಕೊಂಡಳು. ಮೊದಲೇ ಸಂಕೋಚ ಸ್ವಭಾವದ ಹುಡುಗನು ಈ ಎರಡು ಪೆಟ್ಟುಗಳಿಂದ ಮತ್ತಷ್ಟು ಮೌನಿಯಾದನು. ಆ ಮೌನವು ಗರ್ವದಿಂದ ಬಂದುದಲ್ಲ, ನೋವನ್ನು ಒಳಗೇ ನುಂಗಿದುದರಿಂದ ಬಂದುದು. ಹೊರಗಿನವರಿಗೆ ಈ ಭೇದವು ತಿಳಿಯುವುದು ಕಷ್ಟ. ಆದುದರಿಂದ ಅವರು ಹೋದೆಡೆಯಲ್ಲೆಲ್ಲ ಮೊದಮೊದಲು ಜನ ಅವರನ್ನು ಅರಿಯದೆ ದೂರವಿಟ್ಟರು.

ಲಡ್ಲೋ ಪಟ್ಟಣದ ಬ್ಲ್ಯಾಕ್ ರಿವರ್ ಅಕಾಡೆಮಿಯಲ್ಲಿ ಪ್ರೌಢ ವ್ಯಾಸಂಗವನ್ನು ಮುಗಿಸಿ, 1890ರ ಶರತ್ಕಾಲದಲ್ಲಿ ಅವರು ಮ್ಯಾಸಚೂಸೆಟ್ಸ್ ಸಂಸ್ಥಾನದ ಆಮ್ಹರ್ಸ್ಟ್ ಕಾಲೇಜಿನ ಪ್ರವೇಶಪರೀಕ್ಷೆಗೆ ಹೊರಟರು. ದಾರಿಯಲ್ಲಿ ಹಿಡಿದ ನೆಗಡಿ ಬಲವಾಗಿ ಪರೀಕ್ಷೆ ಕೈಗೂಡಲಿಲ್ಲ. ಊರಿಗೆ ಹಿಂದಿರುಗಿ ಚಳಿಗಾಲವನ್ನು ಕಳೆದು, ಸೇಂಟ್ ಜಾನ್ಸ್‌ಬರಿ ಅಕಾಡೆಮಿಯಲ್ಲಿ ಕೆಲವು ತಿಂಗಳು ಓದಿ, ಅಲ್ಲಿಯ ಅರ್ಹತಾಪತ್ರದೊಡನೆ 1891ರಲ್ಲಿ ಮತ್ತೆ ಆಮ್ಹರ್ಸ್ಟಿನ ಬಾಗಿಲಿಗೆ ಬಂದರು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಹೀಗೆ ಆ ಕಾಲೇಜಿನೊಡನೆ ಅವರ ಸಂಬಂಧವು ಒಂದು ಸೋಲಿನಿಂದಲೇ ಆರಂಭವಾಯಿತು.

1821ರಲ್ಲಿ ಸ್ಥಾಪಿತವಾದ ಆಮ್ಹರ್ಸ್ಟ್ ಕಾಲೇಜಿನಲ್ಲಿ ಅಂದು ವಿದ್ಯಾರ್ಥಿಜೀವನದ ಕೇಂದ್ರವೆಲ್ಲ ಫ್ರಟರ್ನಿಟಿಗಳೆಂಬ ಭ್ರಾತೃಸಂಘಗಳಲ್ಲಿತ್ತು. ಇವುಗಳ ಸ್ವರೂಪವನ್ನು ಕೊಂಚ ವಿವರಿಸುವುದು ಅವಶ್ಯ. ಅಮೆರಿಕದ ಕಾಲೇಜುಗಳಲ್ಲಿ 1776ರಿಂದಲೇ ಗ್ರೀಕ್ ಅಕ್ಷರಗಳನ್ನು ಹೆಸರಾಗಿ ಇರಿಸಿಕೊಂಡ ವಿದ್ಯಾರ್ಥಿಸಂಘಗಳು ಹುಟ್ಟಿಕೊಂಡವು. ಸಾಹಿತ್ಯಚರ್ಚೆ, ವಾಗ್ವಾದ, ಪರಸ್ಪರ ಸಹಾಯ ಇವು ಅವುಗಳ ಮೂಲ ಉದ್ದೇಶ. ಕಾಲಕ್ರಮದಲ್ಲಿ ಒಂದೊಂದು ಸಂಘವೂ ಹಲವು ಕಾಲೇಜುಗಳಲ್ಲಿ ಶಾಖೆಗಳನ್ನು ತೆರೆಯಿತು. ಶಾಖೆಗಳು ಸ್ವಂತ ಮನೆಗಳನ್ನು ಹೊಂದಿದವು. ಸದಸ್ಯರು ಅಲ್ಲಿಯೇ ಉಂಡು, ಅಲ್ಲಿಯೇ ವಾಸಿಸತೊಡಗಿದರು. ಈ ಸಂಘಗಳಿಗೆ ಇಚ್ಛೆಪಟ್ಟವರೆಲ್ಲ ಸೇರುವಂತಿಲ್ಲ. ಇರುವ ಸದಸ್ಯರು ಹೊಸಬರನ್ನು ಗಮನಿಸಿ, ತಮ್ಮೊಳಗೆ ಮತ ಹಾಕಿ, ಒಪ್ಪಿತರಾದವರಿಗೆ ಮಾತ್ರ ಕರೆ ಕಳುಹಿಸುತ್ತಾರೆ. ಕರೆ ಬಂದವನು ಗುಪ್ತವಾದ ವಿಧಿಯಿಂದ ದೀಕ್ಷೆ ಪಡೆದು ಸಹೋದರನಾಗುತ್ತಾನೆ. ಈ ಸಹೋದರತ್ವ ಪದವಿಯೊಡನೆ ಮುಗಿಯುವುದಿಲ್ಲ, ಬಾಳಿರುವವರೆಗೂ ಉಳಿಯುತ್ತದೆ. ಹಳೆಯ ಸದಸ್ಯರು ಹಣ ಕೂಡಿಸಿ ಶಾಖೆಯ ಮನೆಯನ್ನು ಕಟ್ಟಿಸುವುದು, ಕಿರಿಯರಿಗೆ ಉದ್ಯೋಗದ ದಾರಿ ತೋರುವುದು ವಾಡಿಕೆ. ಇದು ಈ ಪದ್ಧತಿಯ ಬೆಳಕಿನ ಮುಖ. ಕರೆ ಬಾರದವನ ಕಡೆಯಿಂದ ನೋಡಿದರೆ ಇದಕ್ಕೊಂದು ಕತ್ತಲೆಯ ಮುಖವೂ ಉಂಟು.

ಆಮ್ಹರ್ಸ್ಟಿನ ಬಹುಪಾಲು ವಿದ್ಯಾರ್ಥಿಗಳು ಯಾವುದಾದರೊಂದು ಸಂಘಕ್ಕೆ ಸೇರಿದವರೇ ಆಗಿದ್ದರು. ಯಾವ ಸಂಘವೂ ಕರೆಯದೆ ಉಳಿದವರಿಗೆ ಊಡೆನ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಏನೂ ಅಲ್ಲ, ಶೂನ್ಯ ಎಂದು ಅರ್ಥ. ಗುಡ್ಡಗಾಡಿನ ಹಳ್ಳಿಯಿಂದ ಬಂದ, ಮಾತಿಗೆ ಮಾತು ಸೇರಿಸಲಾರದ, ಕುಣಿತ ಆಟಗಳಲ್ಲಿ ಪಳಗದ ಕೂಲಿಡ್ಜರಿಗೆ ಯಾವ ಸಂಘದಿಂದಲೂ ಕರೆ ಬರಲಿಲ್ಲ. ಅವರಿಗೆ ಆಸೆಯಿರಲಿಲ್ಲವೆಂದಲ್ಲ, ಆಸೆಯಿತ್ತು, ಅದು ಈಡೇರಲಿಲ್ಲ. ಬಾಡಿಗೆಯ ಕೋಣೆಯಲ್ಲಿ ವಾಸ, ಭೋಜನಗೃಹದಲ್ಲಿ ಊಟ, ಓದು, ಒಬ್ಬರೇ ಹೋಗುವ ದೂರದ ನಡಿಗೆ: ಹೀಗೆ ಒಂದಲ್ಲ, ಎರಡಲ್ಲ, ಮೂರು ವರ್ಷಗಳು ಸಂದವು. ಕಹಿಯಾಗಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ. ಆದರೆ ಅವರು ಕಹಿಯಾಗಲಿಲ್ಲ. ಶೂನ್ಯವೆಂದು ಕರೆಯಿಸಿಕೊಂಡವರು ತಮ್ಮೊಳಗನ್ನು ತುಂಬಿಕೊಳ್ಳುವ ಕಾರ್ಯದಲ್ಲಿ ತೊಡಗಿದರು.

ಮೊದಲ ವರ್ಷಗಳಲ್ಲಿ ಸಾಧಾರಣವಾಗಿದ್ದ ಅವರ ಅಂಕಗಳು ಕ್ರಮೇಣ ಮೇಲೇರಿದವು. ಸಿಸೆರೋ, ಡೆಮಾಸ್ತನೀಸರ ಭಾಷಣಗಳು ಅವರಿಗೆ ಪ್ರಿಯವಾದವು. ಇತಿಹಾಸವನ್ನು ಆನ್ಸನ್ ಮಾರ್ಸ್ ಎಂಬ ಪ್ರಾಧ್ಯಾಪಕರಿಂದಲೂ ತತ್ತ್ವಶಾಸ್ತ್ರವನ್ನು ಚಾರ್ಲ್ಸ್ ಗಾರ್ಮನ್ ಎಂಬ ಪ್ರಾಧ್ಯಾಪಕರಿಂದಲೂ ಕಲಿತರು. ಗಾರ್ಮನರು ಗುರು ಎಂಬ ಪದಕ್ಕೆ ಯೋಗ್ಯರಾದವರು. ಸಿದ್ಧವಾದ ಉತ್ತರಗಳನ್ನು ಶಿಷ್ಯರಿಗೆ ಒಪ್ಪಿಸದೆ, ತಾವೇ ಮುದ್ರಿಸಿದ ಚಿಕ್ಕ ಪುಸ್ತಿಕೆಗಳ ಮೂಲಕ ಪ್ರಶ್ನೆಗಳನ್ನು ಮುಂದಿಟ್ಟು, ಶಿಷ್ಯನು ತಾನೇ ಯೋಚಿಸಿ ನಿರ್ಣಯಕ್ಕೆ ಬರುವಂತೆ ಮಾಡುತ್ತಿದ್ದರು. ಬಲವಿದ್ದವನು ಸೇವೆಗೆ ಬದ್ಧನು, ಪದವಿಯೆಂಬುದು ಹೊಣೆಯ ಇನ್ನೊಂದು ಹೆಸರು ಎಂಬುದು ಅವರ ಬೋಧನೆಯ ಸಾರ. ಮುಂದೆ 1929ರಲ್ಲಿ ಪ್ರಕಟವಾದ ತಮ್ಮ ಆತ್ಮಚರಿತ್ರೆಯಲ್ಲಿ ಕೂಲಿಡ್ಜರು ಈ ಗುರುವಿಗೆ ಹಲವು ಪುಟಗಳನ್ನು ಮೀಸಲಿಟ್ಟರು. ಮಿತಭಾಷಿಯೊಬ್ಬರು ಹಲವು ಪುಟ ಬರೆದರೆಂದರೆ ಅದರ ತೂಕವನ್ನು ಊಹಿಸಬಹುದು.

ಮೂರನೆಯ ವರ್ಷದಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಎತ್ತರದ ರೇಷ್ಮೆ ಟೋಪಿ ಧರಿಸಿ, ಕೈಯಲ್ಲಿ ಬೆತ್ತ ಹಿಡಿದು ತರಗತಿಯವರೆಲ್ಲ ಓಡುವ ವಿನೋದದ ಪಂದ್ಯವೊಂದು ಆ ಕಾಲೇಜಿನ ಪದ್ಧತಿ. ಕೊನೆಗೆ ಉಳಿದವರು ಮಿಕ್ಕವರಿಗೆ ಔತಣದ ಖರ್ಚು ಕೊಡಬೇಕು. ಔತಣದಲ್ಲಿ ಭಾಷಣವನ್ನೂ ಮಾಡಬೇಕು. ಕೂಲಿಡ್ಜರು ಹಿಂದುಳಿದವರಲ್ಲಿ ಒಬ್ಬರಾದರು. ತಮ್ಮ ಸೋಲನ್ನೇ ವಸ್ತುವಾಗಿಸಿಕೊಂಡು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಅವರು ಮಾಡಿದ ಹಾಸ್ಯಭಾಷಣಕ್ಕೆ ಇಡೀ ತರಗತಿಯು ನಕ್ಕು ಹಗುರಾಯಿತು. ಎರಡು ವರ್ಷಗಳಿಂದ ಪಕ್ಕದಲ್ಲೇ ಕುಳಿತವನನ್ನು ತಾವು ಅರಿತಿರಲಿಲ್ಲವೆಂಬುದು ಅಂದು ಅನೇಕರಿಗೆ ಅರಿವಾಯಿತು. ಪರರನ್ನು ಹಂಗಿಸದೆ ತನ್ನನ್ನೇ ನಗೆಗೆ ಒಡ್ಡಿಕೊಳ್ಳಬಲ್ಲವನು ಮನಸ್ಸಿನಲ್ಲಿ ಗಟ್ಟಿಗನೇ ಆಗಿರಬೇಕು.

1848ರಲ್ಲಿ ಪೆನ್ಸಿಲ್ವೇನಿಯಾದ ಜೆಫರ್ಸನ್ ಕಾಲೇಜಿನಲ್ಲಿ ಹುಟ್ಟಿದ ಫೈ ಗ್ಯಾಮ ಡೆಲ್ಟ ಎಂಬ ಭ್ರಾತೃಸಂಘವು ಕೂಲಿಡ್ಜರ ವಿದ್ಯಾರ್ಥಿದೆಸೆಯಲ್ಲೇ ಆಮ್ಹರ್ಸ್ಟಿನಲ್ಲಿ ಹೊಸದಾಗಿ ಶಾಖೆ ತೆರೆಯಿತು. ಹಳೆಯ ಸಂಘಗಳ ಪ್ರತಿಷ್ಠೆ ಅದಕ್ಕೆ ಇರಲಿಲ್ಲ. ತನ್ನ ಕಾಲ ಮೇಲೆ ತಾನು ನಿಲ್ಲಬೇಕಾದ ಶಾಖೆ ಅದು. ಕೊನೆಯ ವರ್ಷದ ನಡುವೆ, 1895ರ ಆರಂಭದಲ್ಲಿ, ಅಲ್ಲಿಂದ ಅವರಿಗೆ ಕರೆ ಬಂದಿತು. ಪದವಿಗೆ ಉಳಿದಿದ್ದುದು ಕೆಲವೇ ತಿಂಗಳು. ಮೂರು ವರ್ಷ ಕರೆಯದವರು ಈಗೇಕೆ ಕರೆಯುತ್ತೀರಿ ಎಂದು ಕೇಳಬಹುದಾಗಿತ್ತು. ಇನ್ನು ಅಗತ್ಯವಿಲ್ಲವೆಂದು ತಿರಸ್ಕರಿಸಬಹುದಾಗಿತ್ತು. ಅವರು ಅದಾವುದನ್ನೂ ಮಾಡದೆ ಕರೆಯನ್ನು ಒಪ್ಪಿಕೊಂಡರು. ಲಾಭದ ಲೆಕ್ಕ ಹಾಕಿದರೆ ಆ ಕೆಲವು ತಿಂಗಳ ಸದಸ್ಯತ್ವದಿಂದ ಅವರಿಗೆ ದೊರೆತುದು ಅಲ್ಪ. ಆದರೆ ಅವರು ಸಹೋದರತ್ವವನ್ನು ಅವಧಿಯಿಂದ ಅಳೆಯಲಿಲ್ಲ. ನಾಲ್ಕು ವರ್ಷ ಆ ಮನೆಗಳಲ್ಲಿ ಉಂಡು ನಲಿದವರಲ್ಲಿ ಎಷ್ಟೋ ಮಂದಿ ಊರು ಬಿಟ್ಟೊಡನೆ ಅದನ್ನು ಮರೆತಿರಬಹುದು. ಕೆಲವೇ ತಿಂಗಳಿದ್ದ ಇವರು ಮರೆಯಲಿಲ್ಲ.

ಅದೇ ವರ್ಷದ ಜೂನ್ ತಿಂಗಳಲ್ಲಿ ನಡೆದ ತರಗತಿಯ ವಿದಾಯೋತ್ಸವದಲ್ಲಿ ಹಾಸ್ಯಭಾಷಣಕಾರನ ಸ್ಥಾನಕ್ಕೆ ಸಹಪಾಠಿಗಳು ಕೂಲಿಡ್ಜರನ್ನೇ ಆರಿಸಿದರು. ಗೌರವದರ್ಜೆಯಲ್ಲಿ ಪದವೀಧರರಾಗಿ ಅವರು ಕಾಲೇಜಿನಿಂದ ಎಂಟು ಮೈಲಿಯಷ್ಟು ದೂರದಲ್ಲಿದ್ದ ನಾರ್ಥಾಂಪ್ಟನ್ ಪಟ್ಟಣಕ್ಕೆ ಬಂದು ಹ್ಯಾಮಂಡ್ ಮತ್ತು ಫೀಲ್ಡ್ ಎಂಬಿಬ್ಬರು ವಕೀಲರ ಕಚೇರಿಯಲ್ಲಿ ಕಾನೂನು ಕಲಿಯಲು ಸೇರಿದರು. ಆ ವಕೀಲರಿಬ್ಬರೂ ಆಮ್ಹರ್ಸ್ಟಿನ ಪೂರ್ವವಿದ್ಯಾರ್ಥಿಗಳೇ. ಹೀಗೆ ಕಲಿತ ಮನೆಯೇ ಅವರಿಗೆ ಬಾಳಿನ ಮೊದಲ ಮೆಟ್ಟಿಲನ್ನೂ ಒದಗಿಸಿತು. ಆ ದಿನಗಳಲ್ಲಿ ಅಮೆರಿಕದ ಕ್ರಾಂತಿಯ ತತ್ತ್ವಗಳನ್ನು ಕುರಿತು ಅವರು ವಿದ್ಯಾರ್ಥಿಯಾಗಿದ್ದಾಗ ಬರೆದಿದ್ದ ಪ್ರಬಂಧಕ್ಕೆ ರಾಷ್ಟ್ರಮಟ್ಟದ ಸುವರ್ಣಪದಕ ಬಂದಿತು. ಅವರು ಅದನ್ನು ಯಾರಿಗೂ ಹೇಳಲಿಲ್ಲ. ಫೀಲ್ಡರು ವೃತ್ತಪತ್ರಿಕೆಯಲ್ಲಿ ಸುದ್ದಿ ಓದಿ ವಿಚಾರಿಸಿದಾಗಲೇ ಮೇಜಿನ ಒಳಗಿದ್ದ ಪದಕವು ಹೊರಬಂದಿತು. ತಂದೆಗೂ ಆವರೆಗೆ ಆ ಸುದ್ದಿ ಹೋಗಿರಲಿಲ್ಲ.

1897ರಲ್ಲಿ ವಕೀಲಿ ಸನದು ಪಡೆದು ಅವರು ನಾರ್ಥಾಂಪ್ಟನ್ನಿನಲ್ಲೇ ನೆಲೆಯೂರಿದರು. ಕಾಲೇಜು ಹತ್ತಿರದಲ್ಲಿದ್ದುದರಿಂದ ಸಂಘದ ಶಾಖೆಯೊಡನೆ ಸಂಬಂಧವು ಕಡಿಯಲಿಲ್ಲ. ಸ್ವಂತ ಮನೆಗಾಗಿ ಹೆಣಗುತ್ತಿದ್ದ ಆ ಎಳೆಯ ಶಾಖೆಗೆ ಅವರು ತಮ್ಮ ಕಾನೂನಿನ ಅರಿವನ್ನು ನೆರವಾಗಿ ನೀಡಿದರು. ಹಣವಿರುವವನು ಹಣ ಕೊಡುತ್ತಾನೆ. ಆಗತಾನೆ ವೃತ್ತಿ ಆರಂಭಿಸಿದ ಬಡ ವಕೀಲನು ತನ್ನ ಬಳಿಯಿರುವ ವಿದ್ಯೆಯನ್ನು ಕೊಡುತ್ತಾನೆ. ಎರಡನೆಯ ದಾನವು ಮೊದಲನೆಯದಕ್ಕಿಂತ ಕಡಮೆಯದಲ್ಲ. ಅವರ ಸ್ನೇಹವು ಸಂಘದ ಸಹೋದರರಿಗೆ ಮಾತ್ರ ಮೀಸಲಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಐರ್ಲೆಂಡಿನಿಂದ ಬಂದು ಆ ಪಟ್ಟಣದಲ್ಲಿ ಬೂಟು ದುರಸ್ತಿ ಮಾಡಿಕೊಂಡಿದ್ದ ಜೇಮ್ಸ್ ಲೂಸಿಯವರ ಅಂಗಡಿಯಲ್ಲಿ ಕುಳಿತು ಅವರು ಲೋಕವ್ಯವಹಾರದ ತಿಳಿವನ್ನು ಪಡೆಯುತ್ತಿದ್ದರು. ಅಧ್ಯಕ್ಷರಾದೊಡನೆ ಆ ಹಿರಿಯರ ಉಪಕಾರವನ್ನು ನೆನೆದು ಅವರಿಗೆ ಪತ್ರ ಬರೆದರು.

1905ರಲ್ಲಿ ಅವರು ಗ್ರೇಸ್ ಗುಡ್‌ಹ್ಯೂ ಎಂಬ ಕನ್ಯೆಯನ್ನು ವರಿಸಿದರು. ನಾರ್ಥಾಂಪ್ಟನ್ನಿನ ಕ್ಲಾರ್ಕ್ ಶಾಲೆಯಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅಧ್ಯಾಪಿಕೆ ಆಕೆ. ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಪೈ ಬೀಟ ಫೈ ಎಂಬ ವಿದ್ಯಾರ್ಥಿನಿಯರ ಭಗಿನೀಸಂಘದ ಶಾಖೆಯನ್ನು ಅಲ್ಲಿ ಆರಂಭಿಸಿದವರಲ್ಲಿ ಆಕೆಯೂ ಒಬ್ಬರು. ಪತಿ ಮೌನಿ, ಪತ್ನಿ ಸ್ನೇಹಶೀಲೆ. ಸ್ವಭಾವ ಬೇರೆಯಾದರೂ ಕಲಿತ ಮನೆಯ ನಂಟನ್ನು ಉಳಿಸಿಕೊಳ್ಳುವುದರಲ್ಲಿ ದಂಪತಿಗಳು ಸಮಾನರು. ತಮ್ಮ ಸಂಘದ ಗೆಳತಿಯರೊಡನೆ ಒಬ್ಬರಿಂದೊಬ್ಬರಿಗೆ ಸುತ್ತಿಬರುವ ಪತ್ರಗಳ ಮೂಲಕ ಆಕೆ ದೀರ್ಘಕಾಲ ಸಂಪರ್ಕವಿಟ್ಟುಕೊಂಡಿದ್ದರು. 1906ರಲ್ಲಿ ಜಾನ್, 1908ರಲ್ಲಿ ಕಿರಿಯ ಕ್ಯಾಲ್ವಿನ್ ಎಂಬ ಇಬ್ಬರು ಮಕ್ಕಳು ಜನಿಸಿದರು. ಎರಡು ಸಂಸಾರಗಳಿಗಾಗಿ ಕಟ್ಟಿದ ಮನೆಯೊಂದರ ಅರ್ಧಭಾಗವನ್ನು ಬಾಡಿಗೆಗೆ ಹಿಡಿದು ಆ ಕುಟುಂಬವು ಸರಳವಾಗಿ ಬಾಳಿತು.

ಸಾರ್ವಜನಿಕ ಜೀವನದಲ್ಲಿ ಕೂಲಿಡ್ಜರು ಒಂದೊಂದೇ ಮೆಟ್ಟಿಲನ್ನು ಏರಿದರು. ನಗರಸಭೆಯ ಸದಸ್ಯರು, ನಗರದ ವಕೀಲರು, 1907ರಿಂದ ಸಂಸ್ಥಾನದ ಶಾಸನಸಭಾ ಸದಸ್ಯರು, 1910ರಿಂದ ನಾರ್ಥಾಂಪ್ಟನ್ನಿನ ಮೇಯರ್, 1912ರಿಂದ ಸಂಸ್ಥಾನದ ಸೆನೆಟ್ ಸದಸ್ಯರು, 1914ರಲ್ಲಿ ಆ ಸೆನೆಟ್ಟಿನ ಅಧ್ಯಕ್ಷರು. ಈ ಅವಧಿಯಲ್ಲಿ ಬಾಸ್ಟನ್ ನಗರದ ದೊಡ್ಡ ವರ್ತಕರಾದ ಫ್ರಾಂಕ್ ಸ್ಟರ್ನ್ಸ್ ಅವರು, 1878ರಲ್ಲಿ ಆಮ್ಹರ್ಸ್ಟಿನಿಂದ ಹೊರಬಂದ ಪೂರ್ವವಿದ್ಯಾರ್ಥಿಗಳು, ಕಾಲೇಜಿನ ಒಳಚರಂಡಿಗೆ ಸಂಬಂಧಿಸಿದ ಮಸೂದೆಯೊಂದಕ್ಕೆ ಸಹಾಯ ಕೋರಿ ಕೂಲಿಡ್ಜರನ್ನು ಕಂಡರು. ಒಂದೇ ಕಾಲೇಜಿನವರಾದ್ದರಿಂದ ಆದರದ ಸ್ವಾಗತ ದೊರೆಯುವುದೆಂದು ಅವರ ನಿರೀಕ್ಷೆ. ಕೂಲಿಡ್ಜರು ಆ ಅಧಿವೇಶನದಲ್ಲಿ ಅದು ಸಾಧ್ಯವಿಲ್ಲವೆಂದು ಚುಟುಕಾಗಿ ಹೇಳಿ ಕಳುಹಿಸಿದರು. ಸ್ಟರ್ನ್ಸರಿಗೆ ಅಸಮಾಧಾನವಾಯಿತು. ಆದರೆ ಮುಂದಿನ ಅಧಿವೇಶನದಲ್ಲಿ ಯಾರೂ ನೆನಪಿಸದೆಯೇ ಕೂಲಿಡ್ಜರು ಆ ಮಸೂದೆಯನ್ನು ತಾವಾಗಿ ಕೈಗೆತ್ತಿಕೊಂಡು ಅಂಗೀಕಾರಕ್ಕೆ ತಂದರು. ತಾನು ಮಾಡಿದೆನೆಂದು ಹೇಳಿಕೊಳ್ಳಲೂ ಇಲ್ಲ. ಕಾಲೇಜಿನ ಅಭಿಮಾನಕ್ಕಾಗಿ ಕಾರ್ಯದ ಕ್ರಮವನ್ನು ಮುರಿಯದೆ, ಕ್ರಮದೊಳಗೇ ಕಾಲೇಜಿನ ಹಿತವನ್ನು ಮರೆಯದೆ ಇದ್ದ ಆ ರೀತಿಗೆ ಸ್ಟರ್ನ್ಸರು ಮನಸೋತರು. 1915ರಲ್ಲಿ ಬಾಸ್ಟನ್ನಿನಲ್ಲಿ ಔತಣಕೂಟವನ್ನು ಏರ್ಪಡಿಸಿ ಪೂರ್ವವಿದ್ಯಾರ್ಥಿಗಳಿಗೆ ಕೂಲಿಡ್ಜರನ್ನು ಪರಿಚಯಿಸಿದರು. ಅಲ್ಲಿಂದ ಮುಂದೆ ಅವರ ಏಳಿಗೆಗಾಗಿ ಹಣ, ಕಾಲ, ಶ್ರಮಗಳನ್ನು ನಿರ್ವಂಚನೆಯಿಂದ ವ್ಯಯಿಸಿದರು.

1916ರಲ್ಲಿ ಉಪರಾಜ್ಯಪಾಲರಾಗಿ, 1919ರಲ್ಲಿ ಮ್ಯಾಸಚೂಸೆಟ್ಸಿನ ರಾಜ್ಯಪಾಲರಾಗಿ ಕೂಲಿಡ್ಜರು ಅಧಿಕಾರ ವಹಿಸಿಕೊಂಡರು. 1919ರ ಸೆಪ್ಟೆಂಬರಿನಲ್ಲಿ ಬಾಸ್ಟನ್ ಪೊಲೀಸರು ಮುಷ್ಕರ ಹೂಡಿದಾಗ ಅವರು ತಾಳಿದ ಕಠಿಣ ನಿಲುವು ದೇಶದಾದ್ಯಂತ ಅವರ ಹೆಸರನ್ನು ಹರಡಿತು. 1920ರ ಪಕ್ಷಾಧಿವೇಶನದಲ್ಲಿ ಅವರ ಪರವಾಗಿ ದುಡಿದವರಲ್ಲಿ ಸ್ಟರ್ನ್ಸರಲ್ಲದೆ ಸಹಪಾಠಿ ಡ್ವೈಟ್ ಮಾರೋ ಅವರೂ ಇದ್ದರು. ಮಾರೋ ಅವರು ಕಾಲೇಜಿನಲ್ಲಿ ಬೇರೊಂದು ಭ್ರಾತೃಸಂಘದವರು. ಕೂಲಿಡ್ಜರು ಊಡೆನ್ ಆಗಿದ್ದ ದಿನಗಳಲ್ಲಿಯೇ ಅವರ ಯೋಗ್ಯತೆಯನ್ನು ಗುರುತಿಸಿದ್ದವರು. 1921ರ ಮಾರ್ಚಿಯಲ್ಲಿ ಕೂಲಿಡ್ಜರು ದೇಶದ ಉಪಾಧ್ಯಕ್ಷರಾದರು. ಕಾಲೇಜಿನ ಶತಮಾನೋತ್ಸವದ ಅದೇ ವರ್ಷದಲ್ಲಿ ಅವರು ಆಮ್ಹರ್ಸ್ಟಿನ ಧರ್ಮದರ್ಶಿಮಂಡಲಿಯ ಸದಸ್ಯರೂ ಆದರು. ಒಂದು ಕಾಲಕ್ಕೆ ಯಾರೂ ಕರೆಯದಿದ್ದ ವಿದ್ಯಾರ್ಥಿಯ ಕೈಗೆ ಮೂವತ್ತು ವರ್ಷಗಳ ತರುವಾಯ ಕಾಲೇಜು ತನ್ನ ಆಡಳಿತದ ಹೊಣೆಯನ್ನೇ ಒಪ್ಪಿಸಿತು.

ಆ ಹೊಣೆಯು ಕೇವಲ ಅಲಂಕಾರವಾಗಿರಲಿಲ್ಲ. 1923ರ ಜೂನ್ ತಿಂಗಳಲ್ಲಿ ಕಾಲೇಜಿನ ಅಧ್ಯಕ್ಷರಾಗಿದ್ದ ಅಲೆಕ್ಸಾಂಡರ್ ಮೈಕಲ್‌ಜಾನರಿಂದ ಧರ್ಮದರ್ಶಿಗಳು ರಾಜೀನಾಮೆ ಪಡೆದರು. ಮೈಕಲ್‌ಜಾನರು ಹೊಸ ವಿಚಾರಗಳ ಶಿಕ್ಷಣತಜ್ಞರು. ಅವರ ಪಕ್ಷ ವಹಿಸಿದ ಕೆಲವು ವಿದ್ಯಾರ್ಥಿಗಳು ಪದವಿಪತ್ರವನ್ನು ಸ್ವೀಕರಿಸಲು ನಿರಾಕರಿಸಿದರು. ಆ ಸ್ಥಾನಕ್ಕೆ ಬಂದವರು ಜಾರ್ಜ್ ಓಲ್ಡ್ಸ್, ಕೂಲಿಡ್ಜರಿಗೆ ಗಣಿತ ಕಲಿಸಿದ ಗುರುಗಳು. ಧರ್ಮದರ್ಶಿಗಳು ಮಾಡಿದುದು ಸರಿಯೇ ತಪ್ಪೇ ಎಂಬ ಚರ್ಚೆ ಬಹುಕಾಲ ನಡೆಯಿತು. ಸಂಸ್ಥೆಯನ್ನು ಪ್ರೀತಿಸುವವನು ಉತ್ಸವದ ದಿನ ಹಾರ ಹಾಕಿಸಿಕೊಂಡು ಹೋದರೆ ಸಾಲದು, ಅಪ್ರಿಯವಾದ ನಿರ್ಣಯಗಳ ಭಾರವನ್ನೂ ಹೊರಬೇಕಾಗುತ್ತದೆಂಬುದು ಇದರಿಂದ ತಿಳಿಯುತ್ತದೆ.

ಅದಾದ ಎರಡು ತಿಂಗಳಲ್ಲಿ ಅಧ್ಯಕ್ಷ ಹಾರ್ಡಿಂಗರು ಹಠಾತ್ತಾಗಿ ಮರಣಹೊಂದಿದರು. ಕೂಲಿಡ್ಜರು ಆಗ ಪ್ಲಿಮತ್ ನಾಚಿನ ತಂದೆಯ ಮನೆಯಲ್ಲಿದ್ದರು. 1923ರ ಆಗಸ್ಟ್ 3ರಂದು ನಸುಕಿನ 2 ಗಂಟೆ 47 ನಿಮಿಷಕ್ಕೆ, ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ, ನೋಟರಿಯಾಗಿದ್ದ ವೃದ್ಧ ತಂದೆಯೇ ಮಗನಿಗೆ ಅಧ್ಯಕ್ಷಪದವಿಯ ಪ್ರಮಾಣವಚನವನ್ನು ಬೋಧಿಸಿದರು. ಹಿಂದಿನ ಆಡಳಿತದ ಹಗರಣಗಳಿಂದ ಕೆಟ್ಟುಹೋಗಿದ್ದ ನ್ಯಾಯಾಂಗ ಇಲಾಖೆಯನ್ನು ಶುದ್ಧಿಗೊಳಿಸಲು ಕಳಂಕವಿಲ್ಲದ ವ್ಯಕ್ತಿ ಬೇಕಾಗಿತ್ತು. 1924ರಲ್ಲಿ ಆ ಸ್ಥಾನಕ್ಕೆ ಅವರು ಆರಿಸಿದವರು ಕಾಲೇಜಿನಲ್ಲಿ ತಮಗಿಂತ ಒಂದು ವರ್ಷ ಮುಂದಿದ್ದ ಹಾರ್ಲನ್ ಸ್ಟೋನ್. ಮರುವರ್ಷ ಸ್ಟೋನರು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. 1941ರಲ್ಲಿ ಮುಖ್ಯ ನ್ಯಾಯಮೂರ್ತಿಗಳೂ ಆದರು. ಮೆಕ್ಸಿಕೋ ದೇಶದೊಡನೆ ಮನಸ್ತಾಪ ಬೆಳೆದಿದ್ದಾಗ 1927ರಲ್ಲಿ ಅಲ್ಲಿಗೆ ರಾಯಭಾರಿಯಾಗಿ ಹೋಗಿ ಸ್ನೇಹವನ್ನು ಕುದುರಿಸಿದವರು ಡ್ವೈಟ್ ಮಾರೋ. ಸ್ವಂತ ಕಾಲೇಜಿನವರಿಗೆ ಪದವಿ ಕೊಡುವುದು ಪಕ್ಷಪಾತವಲ್ಲವೇ ಎಂಬ ಸಂದೇಹ ಏಳಬಹುದು. ನಂಟಿಗಾಗಿ ಅಯೋಗ್ಯನನ್ನು ಏರಿಸುವುದು ಪಕ್ಷಪಾತ. ಬಲ್ಲ ಯೋಗ್ಯನನ್ನು ದುಡಿಮೆಗೆ ಕರೆಯುವುದು ವಿವೇಕ. ಈ ಇಬ್ಬರೂ ತಮ್ಮ ಕಾರ್ಯದಿಂದಲೇ ಆ ಸಂದೇಹಕ್ಕೆ ಉತ್ತರವಾದರು. ಬಹುವಾಗಿ ದುಡಿದ ಸ್ಟರ್ನ್ಸರಾದರೋ ಯಾವ ಪದವಿಯನ್ನೂ ಪಡೆಯದೆ ಕೇವಲ ಸ್ನೇಹಿತರಾಗಿಯೇ ಉಳಿದರು.

1924ನೆಯ ವರ್ಷವು ಆ ಕುಟುಂಬಕ್ಕೆ ಹರ್ಷವನ್ನೂ ಮೀರಲಾಗದ ದುಃಖವನ್ನೂ ತಂದಿತು. ವಸಂತದಲ್ಲಿ ಪೈ ಬೀಟ ಫೈ ಸಂಘದವರು ಗ್ರೇಸ್ ಅವರ ಭಾವಚಿತ್ರವನ್ನು ಶ್ವೇತಭವನಕ್ಕೆ ಕಾಣಿಕೆಯಾಗಿ ಅರ್ಪಿಸಿದರು. ಸಾವಿರಕ್ಕೂ ಮೇಲ್ಪಟ್ಟ ಸಂಘದ ಸೋದರಿಯರು ಆ ಸಮಾರಂಭಕ್ಕೆ ಬಂದಿದ್ದರು. ಬೇಸಗೆಯಲ್ಲಿ ಹದಿನಾರು ವರ್ಷದ ಕಿರಿಯ ಮಗ ಕ್ಯಾಲ್ವಿನನು ಟೆನಿಸ್ ಆಡುವಾಗ ಕಾಲಿನಲ್ಲಿ ಎದ್ದ ಬೊಬ್ಬೆ ನಂಜಾಗಿ ಜುಲೈ 7ರಂದು ತೀರಿಕೊಂಡನು. ಅಂದಿನ ವೈದ್ಯದಲ್ಲಿ ಅದಕ್ಕೆ ಮದ್ದಿರಲಿಲ್ಲ. ಪ್ರಪಂಚದ ಬಲಿಷ್ಠ ಪದವಿಯೂ ಒಂದು ಎಳೆಯ ಜೀವವನ್ನು ಉಳಿಸಲಾರದೆ ಹೋಯಿತು. ಆ ಶರತ್ಕಾಲದಲ್ಲೇ ಹಿರಿಯ ಮಗ ಜಾನ್ ಆಮ್ಹರ್ಸ್ಟ್ ಕಾಲೇಜಿಗೆ ಸೇರಿದನು. ತಂದೆಯ ಭ್ರಾತೃಸಂಘಕ್ಕೇ ಸೇರಿ 1928ರಲ್ಲಿ ಪದವೀಧರನಾದನು. ತಂದೆಗೆ ತಡವಾಗಿ ತೆರೆದ ಬಾಗಿಲು ಮಗನಿಗೆ ತಾನಾಗಿ ತೆರೆದಿತ್ತು.

ಆದರೆ ಎಲ್ಲರಿಗೂ ತೆರೆದಿರಲಿಲ್ಲ. ಜಾನ್ ಕಾಲೇಜಿಗೆ ಸೇರಿದಾಗ ಅಲ್ಲಿಯೇ ಚಾರ್ಲ್ಸ್ ಡ್ರೂ ಎಂಬ ಕರಿಯ ವಿದ್ಯಾರ್ಥಿಯು ಓದುತ್ತಿದ್ದನು. ಆಟದ ಬಯಲಿನಲ್ಲಿ ಕಾಲೇಜಿಗೆ ಕೀರ್ತಿ ತಂದವನು. ಮುಂದೆ ರಕ್ತದ್ರವವನ್ನು ಕಾಪಿಡುವ ವಿಧಾನದಿಂದ ಅಸಂಖ್ಯ ಜನರ ಪ್ರಾಣವನ್ನುಳಿಸಿದ ವೈದ್ಯವಿಜ್ಞಾನಿಯಾದವನು. ಆಮ್ಹರ್ಸ್ಟಿನ ಯಾವ ಸಂಘದ ಮನೆಯಲ್ಲಿಯೂ ಅವನಿಗೆ ಸ್ಥಳವಿರಲಿಲ್ಲ. 1911ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕರಿಯ ವಿದ್ಯಾರ್ಥಿಗಳು ಕಟ್ಟಿಕೊಂಡ ಒಮೇಗಾ ಸೈ ಫೈ ಸಂಘಕ್ಕೆ ಅವನು ಸೇರಬೇಕಾಯಿತು. 1924ರ ಜೂನ್ ತಿಂಗಳಲ್ಲಿ ಅದೇ ಹೋವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಮಾತಾಡಿ ಕರಿಯ ಜನರ ಪ್ರಗತಿಯನ್ನು ಕೊಂಡಾಡಿದವರು ಕೂಲಿಡ್ಜರೇ. ಆದರೂ ಅವರು ಧರ್ಮದರ್ಶಿಯಾಗಿದ್ದ ಕಾಲೇಜಿನಲ್ಲಿ ಸಂಘಗಳ ಬಾಗಿಲು ಅವರ ಜೀವಿತಕಾಲದಲ್ಲಿ ಅಗಲವಾಗಲಿಲ್ಲ.

ಇನ್ನೊಂದು ಬಾಗಿಲಿನ ಮಾತು ಭಾರತೀಯರಿಗೂ ಸಂಬಂಧಿಸಿದ್ದು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರು ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತ್ತು. ಪೌರತ್ವಕ್ಕೆ ಅರ್ಹರಲ್ಲದವರು ವಲಸೆಯನ್ನೇ ಬರಕೂಡದೆಂಬ ಶಾಸನಕ್ಕೆ 1924ರ ಮೇ 26ರಂದು ಕೂಲಿಡ್ಜರು ಅಂಕಿತ ಹಾಕಿದರು. ಜಪಾನೀಯರನ್ನು ಹೊರಗಿಡುವ ಅಂಶದ ಬಗೆಗೆ ವಿಷಾದವನ್ನು ಸೂಚಿಸಿದರೂ ಅಂಕಿತವನ್ನು ತಡೆಹಿಡಿಯಲಿಲ್ಲ. ಭಾರತೀಯರಿಗೆ ಪೌರತ್ವದ ದಾರಿ ತೆರೆದುದು 1946ರಲ್ಲಿ. ಅದೂ ವರ್ಷಕ್ಕೆ 100 ಮಂದಿಯ ವಲಸೆಯ ಮಿತಿಯೊಡನೆ. ಮೂರು ವರ್ಷ ಬಾಗಿಲ ಹೊರಗೆ ನಿಂತ ನೋವನ್ನು ಬಲ್ಲವರೇ ಇನ್ನೊಂದು ಬಾಗಿಲನ್ನು ಮುಚ್ಚುವ ಕಾಗದಕ್ಕೆ ಸಹಿ ಹಾಕಿದರು. ಮಹನೀಯರ ಚರಿತ್ರೆಯನ್ನು ಬರೆಯುವಾಗ ಇಂತಹ ಮಾತನ್ನು ಮುಚ್ಚಿಡುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ತನ್ನ ನೋವಿನಿಂದ ಪರರ ನೋವನ್ನು ಅರಿಯುವ ಪಾಠವು ಎಷ್ಟು ಕಠಿಣವಾದುದೆಂಬುದನ್ನು ಅದು ಎಲ್ಲರಿಗೂ ನೆನಪಿಸುತ್ತದೆ.

1924ರ ಚುನಾವಣೆಯಲ್ಲಿ ದೊಡ್ಡ ಬಹುಮತದಿಂದ ಗೆದ್ದ ಕೂಲಿಡ್ಜರು, ಮತ್ತೊಮ್ಮೆ ಸ್ಪರ್ಧಿಸುವ ಅವಕಾಶವಿದ್ದರೂ ಅದನ್ನು ತೊರೆದು, 1929ರ ಮಾರ್ಚಿಯಲ್ಲಿ ಅಧಿಕಾರದಿಂದ ಇಳಿದರು. ಆ ವರ್ಷದ ಕೊನೆಯಲ್ಲಿ ಬಂದ ಆರ್ಥಿಕ ಕುಸಿತಕ್ಕೆ ಅವರ ನೀತಿಯೂ ಕಾರಣವೆಂದು ದೂರುವವರಿದ್ದಾರೆ, ಅಲ್ಲವೆನ್ನುವವರೂ ಇದ್ದಾರೆ. ಅಧ್ಯಕ್ಷಪದವಿಯ ತರುವಾಯ ಅವರು ಹಿಂದಿರುಗಿದುದು ಕಾಲೇಜಿಗೆ ಹತ್ತಿರವಾದ ನಾರ್ಥಾಂಪ್ಟನ್ನಿನ ಅದೇ ಬಾಡಿಗೆ ಮನೆಗೆ. ಆಮ್ಹರ್ಸ್ಟಿನ ಧರ್ಮದರ್ಶಿತ್ವವನ್ನು ಮಾತ್ರ ಅವರು ಬಿಡಲಿಲ್ಲ. 1879ರಲ್ಲಿ ಅಲ್ಲಿಂದ ಹೊರಬಂದ ಹೆನ್ರಿ ಫೋಲ್ಜರ್ ಎಂಬ ಪೂರ್ವವಿದ್ಯಾರ್ಥಿಯು ಬಾಳೆಲ್ಲ ಸಂಗ್ರಹಿಸಿದ ಷೇಕ್ಸ್‌ಪಿಯರ್ ಗ್ರಂಥಭಂಡಾರವನ್ನು 1930ರ ತಮ್ಮ ಮರಣಶಾಸನದ ಮೂಲಕ ಆಮ್ಹರ್ಸ್ಟಿನ ಧರ್ಮದರ್ಶಿಗಳ ವಶಕ್ಕೆ ಒಪ್ಪಿಸಿದಾಗ, ಆ ಮಹಾದಾನದ ಹೊಣೆ ಹೊತ್ತ ಮಂಡಲಿಯಲ್ಲಿ ಕೂಲಿಡ್ಜರೂ ಇದ್ದರು. 1932ರಲ್ಲಿ ಆ ಭಂಡಾರವು ವಾಷಿಂಗ್ಟನ್ನಿನಲ್ಲಿ ತೆರೆಯಿತು. 1933ರ ಜನವರಿ 5ರಂದು, ಅರವತ್ತನೆಯ ವಯಸ್ಸಿನಲ್ಲಿ, ನಾರ್ಥಾಂಪ್ಟನ್ನಿನ ಮನೆಯಲ್ಲಿ ಕೂಲಿಡ್ಜರು ಹಠಾತ್ತಾಗಿ ನಿಧನರಾದರು. ಅಂದಿಗೂ ಅವರು ಕಾಲೇಜಿನ ಧರ್ಮದರ್ಶಿಗಳೇ. ಪ್ಲಿಮತ್ ನಾಚಿನ ಗುಡ್ಡದ ಮೇಲೆ ಹಿರಿಯರ ಸಾಲಿನಲ್ಲಿ, ಆಡಂಬರವಿಲ್ಲದ ಕಲ್ಲಿನ ಕೆಳಗೆ ಅವರ ಸಮಾಧಿಯಿದೆ.

ಅವರ ಕಾಲಾನಂತರ ಆಮ್ಹರ್ಸ್ಟಿನ ಭ್ರಾತೃಸಂಘಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಬೇಕಾಯಿತು. 1948ರಲ್ಲಿ ಅಲ್ಲಿಯ ಫೈ ಕಪ್ಪ ಸೈ ಸಂಘದ ವಿದ್ಯಾರ್ಥಿಗಳು ಕರಿಯ ಸಹಪಾಠಿಯೊಬ್ಬನನ್ನು ತಮ್ಮೊಳಗೆ ಸೇರಿಸಿಕೊಂಡರು. ಕೇಂದ್ರಸಂಘವು ಶಾಖೆಯನ್ನೇ ಹೊರಹಾಕಿತು. ಆ ತರುಣರು ಸಹಪಾಠಿಯನ್ನು ಬಿಡದೆ ಕೇಂದ್ರಸಂಘವನ್ನೇ ಬಿಟ್ಟು ಸ್ವತಂತ್ರವಾಗಿ ಮುಂದುವರಿದರು. ಕೊನೆಗೆ 1984ರಲ್ಲಿ ಕಾಲೇಜಿನ ಧರ್ಮದರ್ಶಿಗಳು ಭ್ರಾತೃಸಂಘಗಳನ್ನೇ ರದ್ದುಗೊಳಿಸಿದರು. ಸಂಘದ ಮನೆಗಳು ಎಲ್ಲರಿಗೂ ತೆರೆದ ವಿದ್ಯಾರ್ಥಿನಿಲಯಗಳಾದವು. ಅಂತಹ ಮನೆಗಳಲ್ಲಿ ಒಂದಕ್ಕೆ ಚಾರ್ಲ್ಸ್ ಡ್ರೂ ಅವರ ಹೆಸರನ್ನಿಡಲಾಗಿದೆ.

ಹಾಗಾದರೆ ಕೂಲಿಡ್ಜರು ಸಲ್ಲಿಸಿದ ಸೇವೆಯು ವ್ಯರ್ಥವಾಯಿತೆಂದು ಭಾವಿಸಬಾರದು. ಸಂಘದ ಹೆಸರು, ಮುದ್ರೆ, ಗುಪ್ತವಿಧಿಗಳು ಕಾಲಕ್ಕೆ ಒಳಪಟ್ಟವು. ತನ್ನನ್ನು ಕೊಂಚವಾದರೂ ಸೇರಿಸಿಕೊಂಡವರನ್ನು ಮರೆಯದಿರುವುದು, ಸೇರಿಸಿಕೊಳ್ಳದವರ ಮೇಲೆ ಹಗೆ ಸಾಧಿಸದಿರುವುದು, ಹಣವಿಲ್ಲದಾಗ ವಿದ್ಯೆಯನ್ನೂ ಪದವಿ ಬಂದಾಗ ಕಾಲವನ್ನೂ ಕಲಿತ ಮನೆಗೆ ಕೊಡುವುದು ಕಾಲಕ್ಕೆ ಒಳಪಡತಕ್ಕವುಗಳಲ್ಲ. ಅವರ ಬಾಳು ಕಲಿಸುವ ಮೊದಲ ಪಾಠವಿದು. ಅವರ ಬಾಳು ಪೂರ್ತಿಯಾಗಿ ಸಾಧಿಸದೆ ಉಳಿಸಿಹೋದ ಎರಡನೆಯ ಪಾಠವೂ ಉಂಟು: ಋಣ ತೀರಿಸುವುದೆಂದರೆ ಮನೆಯ ಗೋಡೆಯನ್ನು ಭದ್ರಪಡಿಸುವುದಷ್ಟೇ ಅಲ್ಲ, ಅದರ ಬಾಗಿಲನ್ನು ಅಗಲಗೊಳಿಸುವುದೂ ಹೌದು. ವಿದ್ಯಾಲಯಕ್ಕೆ ದಾನ ಕೊಡುವವರೂ, ಅಲ್ಲಿ ಪಾಠ ಹೇಳುವವರೂ, ಅಲ್ಲಿಂದ ಕಲಿತು ಹೊರಟವರೂ ಮತ್ತೆ ಆ ಅಂಗಳಕ್ಕೆ ಬಂದಾಗ, ಮೂಲೆಯಲ್ಲಿ ಒಬ್ಬನೇ ನಿಂತಿರುವ ಹುಡುಗನತ್ತ ಒಮ್ಮೆ ಕಣ್ಣು ಹಾಯಿಸಿ ಅವನನ್ನು ಹತ್ತಿರಕ್ಕೆ ಕರೆದರೆ, ಕಲಿತ ಮನೆಯ ಋಣದಲ್ಲಿ ದೊಡ್ಡ ಭಾಗವೊಂದು ಅಲ್ಲಿಯೇ ಸಂದಂತಾಗುತ್ತದೆ.